ಅಮ್ಮ ಬರಿಗೈಯಲ್ಲಿ ಬಂದ ಬೇಸಿಗೆ

ಆ ದಿನಗಳಲ್ಲಿ ರಾಯಲ್ಪಾಡಿನ ನಮ್ಮ ಮನೆಗೆ ಬೇಸಿಗೆ ಮೊದಲು ಮೂಗಿನ ಮೂಲಕ ಬರುತ್ತಿತ್ತು. ಮಂಚದ ಕೆಳಗೆ ಹುಲ್ಲು ಹಾಸಿ ಅಜ್ಜಿ ಮಾವಿನಕಾಯಿ ಹಣ್ಣಿಗೆ ಹಾಕುತ್ತಿದ್ದಳು. ಹುಲ್ಲಿನ ಬಿಸಿ, ಸೊನೆಯ ಘಾಟು, ಮಧ್ಯೆ ಒಂದು ಸಿಹಿ. ಅದರ ಮೇಲೆಯೇ ನಮ್ಮ ನಿದ್ದೆ.

ಆ ವರ್ಷ ಅಮ್ಮ ತುಂಬಿದ ಬಸುರಿ. ಅಪ್ಪ ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನು ಎರಡನೇ ಕ್ಲಾಸು ಮುಗಿಸಿದ್ದೆ. ಹುಟ್ಟುವ ಪಾಪನಿಗೆ ಅಚ್ಚಿಕಲ್ಲು ಆಡುವುದನ್ನು ಕಲಿಸಬೇಕೆಂದು ನುಣುಪಾದ ಕಲ್ಲುಗಳನ್ನು ಆರಿಸಿಟ್ಟಿದ್ದೆ.

ಅಮ್ಮ ಬಂದಳು. ಕೈಯಲ್ಲಿ ಬಟ್ಟೆಯ ಚೀಲವಷ್ಟೇ ಇತ್ತು.

"ಪಾಪ ಏದಿಮ್ಮಾ?" ಎಂದು ಮನೆಯ ತೆಲುಗಿನಲ್ಲೇ ಕೇಳಿದೆ. ಪಾಪ ಎಲ್ಲಮ್ಮ?

ಅಮ್ಮ ಒಳಗೆ ಹೋದಳು. ಅಪ್ಪ ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತರು. ಅಜ್ಜಿ ನನ್ನ ರಟ್ಟೆ ಹಿಡಿದು, "ಸುಮ್ನಿರೇ! ಹೋಗು, ಆಡ್ಕೋ ಹೋಗು," ಎಂದಳು.

ಮರುದಿನ ಮನೆಗೆ ಮೊಳಗಟ್ಟಲೆ ಮಲ್ಲಿಗೆ ಬಂತು. ಹಬ್ಬವಿರಬೇಕು ಎಂದುಕೊಂಡೆ. ಆದರೆ ಯಾರೂ ಮುಡಿಯಲಿಲ್ಲ. ಅಜ್ಜಿ ಅದನ್ನು ಅಮ್ಮನ ಎದೆಗೆ ಇಟ್ಟು ಬಟ್ಟೆಯಿಂದ ಬಿಗಿದಳು. ಹಾಲು ಬತ್ತಲೆಂದು ಹಾಗೆ ಕಟ್ಟುತ್ತಾರೆಂದು ನನಗೆ ತಿಳಿದದ್ದು ನಾನೇ ಹೆತ್ತ ಮೇಲೆ.

"ನಂಗೂ ಹೂವು," ಎಂದು ಹಟ ಹಿಡಿದೆ. ಅಜ್ಜಿ ಕೈ ಎತ್ತಿದಳು. ಅಮ್ಮ ಬಟ್ಟೆ ಸಡಿಲಿಸಿ, ಬಾಡಿದ ತುಂಡೊಂದನ್ನು ಎಳೆದು ನನ್ನ ಜಡೆಗೆ ಸಿಕ್ಕಿಸಿದಳು. ಅದು ಒದ್ದೆಯಾಗಿತ್ತು. ನಾನು ಕುಣಿಯುತ್ತಾ ಬೀದಿಗೆ ಓಡಿದೆ.

ಕಳೆದ ತಿಂಗಳು ಕೋಲಾರದಲ್ಲೊಂದು ಬರವಣಿಗೆ ಶಿಬಿರಕ್ಕೆ ಹೋಗಿದ್ದೆ. "ನಿಮ್ಮೊಳಗಿನ ಮಗುವಿಗೆ ಏನು ಹೇಳ್ಬೇಕೋ ಬರೀರಿ," ಎಂದರು ಅಲ್ಲಿನ ಮೇಡಂ. ಪಕ್ಕದವರು ಕದ್ದ ಹುಣಸೆಹಣ್ಣಿನ ಬಗ್ಗೆ ಬರೆದು ತಮ್ಮಷ್ಟಕ್ಕೇ ನಗುತ್ತಿದ್ದರು. ನಾನು 'ಹೆದರಬೇಡ ಕಂದಾ' ಎಂದು ಬರೆದು ನಿಲ್ಲಿಸಿಬಿಟ್ಟೆ. ಜಡೆಯಲ್ಲಿ ಹೂವಿಟ್ಟುಕೊಂಡ ಆ ಹುಡುಗಿ ಹೆದರಿರಲೇ ಇಲ್ಲ. ಅವಳು ಒಂದು ಪ್ರಶ್ನೆ ಕೇಳಿದ್ದಳು, ಅಷ್ಟೇ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ಪಕ್ಕದವರಿಗೆ ಕಾಣದಂತೆ ಹಾಳೆಯ ಮೇಲೆ ಕೈ ಅಡ್ಡವಿಟ್ಟು ಕೂತೆ.

ಅಮ್ಮ ಈಗ ಶ್ರೀನಿವಾಸಪುರದಲ್ಲಿ ನನ್ನ ಜೊತೆಗೇ ಇದ್ದಾಳೆ. ಮನೆಗೆ ಬಂದವಳೇ, ಸೊಪ್ಪು ಬಿಡಿಸುತ್ತಿದ್ದ ಅವಳ ಮುಂದೆ ಕೂತು ಅಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆ. ಅವಳು ದಂಟು ಮುರಿಯುತ್ತಲೇ ಹೇಳಿದಳು:

"ನಂಗೆ ತೋರಿಸ್ಲೇ ಇಲ್ಲ ಕಣೇ. ಹೆಣ್ಣೋ ಗಂಡೋ ಅಂತಾನೂ ಹೇಳ್ಲಿಲ್ಲ. ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ. ಆವತ್ತು ಬಾಯಿಬಿಟ್ಟು ಕೇಳಿದ್ದು ನೀನೊಬ್ಳೇ."

ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಇಬ್ಬರೂ ಹೋಗಿ ವರ್ಷಗಳಾದವು. ಆ ಮಗುವನ್ನು ಎಲ್ಲಿ ಮಣ್ಣು ಮಾಡಿದರೆಂದು ಹೇಳುವವರು ಈ ಭೂಮಿಯ ಮೇಲೆ ಈಗ ಒಬ್ಬರೂ ಇಲ್ಲ.

ಅಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಬಾಗಿಲ ಬಳಿ ನಿಂತು, "ಬರಿಯೋದಾದ್ರೆ ಹೆಣ್ಣು ಅಂತ ಬರ್ಕೋ," ಎಂದಳು. "ನಿಂಗೆ ಜೊತೆಯಾಗ್ತಿತ್ತು."

ಉಳಿದದ್ದನ್ನೆಲ್ಲ ಬರೆದೆ. 'ಹೆಣ್ಣು' ಎಂದು ಬರೆಯಲು ಮಾತ್ರ ಕೈ ಬರಲಿಲ್ಲ.