ಕಂಬಳಿಯ ಮೇಲೆ ಸೋತ ಸೋದರಮಾವ

ಕಳೆದ ವಾರ, ಹಿರಿಯರ ಎದುರು ನನ್ನ ಮಾನ ಹರಾಜು ಹಾಕಿದವಳಿಗೆ ಹೂವಿನ ಹಾರ ಹಾಕಿ ಬಂದೆ!

ಗಾಬರಿಯಾಗಬೇಡಿ. ಅವಳು ನನ್ನ ಅಕ್ಕನ ಮಗಳು ಸುಶೀಲಾ. ಜಹೀರಾಬಾದಿನ ಕೋರ್ಟಿನಲ್ಲಿ ಮೊದಲ ಕೇಸು ಗೆದ್ದು, ಕರಿ ಕೋಟು ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ನಿಂತಿದ್ದ ನನ್ನ ಭಾವ, ಅಂದರೆ ಅವಳ ಅಪ್ಪ, ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ "ನಮ್ಮ ಹುಡುಗಿರಿ, ನಮ್ಮ ಹುಡುಗಿ" ಎನ್ನುತ್ತಿದ್ದರು. (ಇದೇ ಭಾವ ಒಂದು ಕಾಲಕ್ಕೆ ಏನೆಂದಿದ್ದರು ಕೇಳಿ.)

ಅದು ಸುಶೀಲಾ ಬಿ.ಎ. ಮುಗಿಸಿದ ಬೇಸಿಗೆ. ಅವರದು ನಾರಾಯಣಖೇಡದ ಹತ್ತಿರದ ಹಳ್ಳಿ, ಕುರಿಯೂ ಹೊಲವೂ ಇರುವ ಮನೆ. "ಟೀಚರ್ ಟ್ರೇನಿಂಗ್ ಮಾಡ್ಲಿ. ಸಾಲಿ ಬಿಟ್ಟ ಕೂಡ್ಲೇ ಮನಿಗಿ ಬರ್ತಾಳ" ಎಂದು ಭಾವ ತೀರ್ಮಾನ ಮಾಡಿಬಿಟ್ಟಿದ್ದರು. ಕಾರಣ? ಎದುರು ಮನೆಯ ಹುಡುಗಿ ಟೀಚರ್ ಆಗಿದ್ದಳು. ಅಷ್ಟೇ!

ನಮ್ಮ ಕಡೆ ಕೆಲಸ ಆರಿಸುವುದು ಹೀಗೆಯೇ ಅಲ್ಲವೆ? ತಾಂಡೂರಿನ ಬೀಗರ ಮಗ ಬಂಡೆ ವ್ಯಾಪಾರದಲ್ಲಿ ಮೇಲೆ ಬಂದನೆ? ನಮ್ಮವನಿಗೂ ಬಂಡೆ. ಓಣಿಯಲ್ಲೊಬ್ಬ ಕಂಡಕ್ಟರ್ ಆದನೆ? ಓಣಿಗೆ ಓಣಿಯೇ ಸೀಟಿ ಊದಲು ತಯಾರು. ನಾನು ಜಹೀರಾಬಾದಿನಲ್ಲಿ ಇಂಗ್ಲಿಷ್ ಪಾಠ ಹೇಳುವವನಾದದ್ದೂ ಗೆಳೆಯನೊಬ್ಬ ಅರ್ಜಿ ಹಾಕಿದ ಎಂದು. (ಅವನಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಈಗ ಅವನೇ ಸುಖವಾಗಿದ್ದಾನೆ.)

ಸುಶೀಲಾ ಮಾತ್ರ "ನಾ ವಕೀಲಿ ಓದ್ತೀನಿ" ಎಂದು ಹಟ ಹಿಡಿದಳು.

ಈ ಹುಚ್ಚು ಹಿಡಿಸಿದ್ದು ನಾನೇ. ನನಗೆ ಹಳೆಯ ರೋಮನ್ ಸಾಹಿತ್ಯದ ಗೀಳು. ಹೈದರಾಬಾದಿನ ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ಅನುವಾದ ಕಂಡರೆ ಊಟ ಬಿಟ್ಟಾದರೂ ಕೊಂಡು ತರುವವನು. ರೋಮಿನಲ್ಲಿ ಮಾತುಗಾರಿಕೆ ಕಲಿಯುವ ಹುಡುಗರಿಗೆ ಕಟ್ಟುಕತೆಯ ಕೇಸು ಕೊಡುತ್ತಿದ್ದರಂತೆ. ಮಗನನ್ನು ಕಡಲ್ಗಳ್ಳರು ಹಿಡಿದುಕೊಂಡು ಹೋದರು, ಅಪ್ಪ ಬಿಡಿಸಲಿಲ್ಲ. ಮಗ ಹೇಗೋ ಪಾರಾಗಿ ಬಂದ. ಈಗ ಮುದಿ ಅಪ್ಪನನ್ನು ಅವನು ಸಾಕಬೇಕೋ ಬೇಡವೋ? ಮೊದಲು ಅಪ್ಪನ ಪರ ಮಾತಾಡು, ಆಮೇಲೆ ಮಗನ ಪರ. ಎರಡೂ ಬದಿ ಆಡಲು ಬಂದರೇ ಮಾತುಗಾರ!

ರಜೆಗೆ ಹೋದಾಗಲೆಲ್ಲ ಬೇವಿನ ಮರದ ಕೆಳಗೆ ನಾನೂ ಸುಶೀಲಾನೂ ಈ ಆಟ ಆಡುತ್ತಿದ್ದೆವು. ಸಮುದ್ರವನ್ನೇ ಕಾಣದ ಹುಡುಗಿ ಕಡಲ್ಗಳ್ಳರ ಪರವೂ ವಾದ ಹೂಡುತ್ತಿದ್ದಳು. (ರೋಮಿನಲ್ಲಿ ವಕೀಲನಾಗಲಿ ಎಂದು ಕಳಿಸಿದರೆ ಕೆಲವು ಮಕ್ಕಳು ಕವಿತೆ ಬರೆಯುತ್ತ ಕೂತರಂತೆ. ನಾನು ಕವಿತೆ ಓದಿ ಹೇಳಿದರೆ ಇವಳು ವಕೀಲಿ ಹಿಡಿದಳು.)

ಅಪ್ಪ ಮಗಳ ಜಗಳ ಹಿರಿಯರ ಮುಂದೆ ಬಂತು. ನಮ್ಮ ಕುರಿ ಮನೆತನಗಳಲ್ಲಿ ಇಂಥ ಮಾತೆಲ್ಲ ಕಂಬಳಿಯ ಮೇಲೆ. ಕರಿ ಕಂಬಳಿ ಹಾಸುತ್ತಾರೆ. ಒಬ್ಬೊಬ್ಬರೂ ಅದರ ಮೇಲೆ ಕೂತು ಒಂದೇ ಸಲ ಮಾತಾಡಬೇಕು. ಅಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೆಣ್ಣುಮಗಳ ಮಾತನ್ನು ಸೋದರಮಾವ ಆಡಬೇಕು. ಅಂದರೆ ನಾನು!

ಹಿಂದಿನ ದಿನ ಸುಶೀಲಾ ಹೇಳಿದಳು: "ಮಾಮಾ, ರೋಮಿನವ್ರ ಹಂಗ ಮಾಡ್ರಿ. ಮೊದಲ ಅಪ್ಪನ ಬದಿ ಜೋರ್ದಾರ್ ಹೇಳ್ರಿ. ಆಮ್ಯಾಲ ಒಂದೊಂದೇ ಮುರೀರಿ."

ಎಂಥ ಐಡಿಯಾ! ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಮೊದಲು ಭಾವ ಮಾತಾಡಿ ಎದ್ದರು. ನಾನು ಕೂತೆ. ಕೋರ್ಟೆಂದರೆ ಕಳ್ಳರು, ಖೂನಿಗಾರರು. ತಾರೀಖಿನ ಮೇಲೆ ತಾರೀಖು. ಬಸ್ಸು ತಪ್ಪಿದರೆ ಹೆಣ್ಣುಮಗಳು ಎಲ್ಲಿ ಉಳಿಯಬೇಕು? ಟೀಚರ್ ಆದರೆ ಊರಿಗೆ ಊರೇ ಕೈ ಮುಗಿಯುತ್ತದೆ! ಮಾತು ಉಕ್ಕಿ ಬಂತು. ಮುದುಕರು ತಲೆದೂಗಿದರು. ಭಾವನ ಕಣ್ಣಲ್ಲಿ ನೀರು! ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದೆ. ಅಲ್ಲೇ ಕೆಟ್ಟೆ.

"ಭಲೇ ಮಾಸ್ತರ!" ಹಿರಿಯರಾದ ಭೀಮಣ್ಣಜ್ಜ ತೊಡೆ ತಟ್ಟಿದರು. "ಸೋದರಮಾಮನೇ ಹಿಂಗ ಅಂದ ಮ್ಯಾಲ ಇನ್ನೇನದ? ಆತು, ಚಾ ತರ್ರಿ."

"ಇನ್ನೂ ಮುಗಿದಿಲ್ರಿ ಅಜ್ಜಾ! ಇದು ಅವರ ಬದಿ. ನಮ್ಮ ಬದಿ ಈಗ ಹೇಳ್ತೀನಿ."

"ಕಂಬಳಿ ಮ್ಯಾಲ ಕುಂತು ಎರಡು ನಾಲಿಗಿ ಮಾಡ್ತೀರೇನ್ರಿ?"

ಸತ್ತೆ! ರೋಮಿನಲ್ಲಿ ವಿದ್ಯೆಯಾದದ್ದು ನಮ್ಮ ಕಂಬಳಿಯ ಮೇಲೆ ದ್ರೋಹ. ಅಕ್ಕ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಕೈಯಾರೆ ಹುಡುಗಿಯ ದಾರಿಗೆ ಕಲ್ಲು ಹಾಕಿದ್ದೆನಲ್ಲ!

ಆಗ ಬಾಗಿಲಲ್ಲಿ ನಿಂತಿದ್ದ ಸುಶೀಲಾ ಬಾಯಿ ಬಿಟ್ಟಳು.

"ಅಜ್ಜಾ, ಮಾಮಾ ಯಾರ ಬದಿ ಮಾತಾಡ್ಯಾರ್ರಿ?"

"ನಿಮ್ಮಪ್ಪನ ಬದಿ."

"ಅಪ್ಪನೂ ಮಾತಾಡ್ಯಾನ. ಅಂದ್ರ ಆ ಕಡಿ ಎರಡು ಮಾತಾದವು, ನನ್ನ ಕಡಿ ಒಂದೂ ಆಗಿಲ್ಲ. ಒಂದೇ ಬದಿ ಕೇಳಿ ಎದ್ರ ಕಂಬಳಿ ಮರ್ಯಾದಿ ಉಳೀತದೇನ್ರಿ?"

"ಹೆಣ್ಣಿನ ಮಾತು ಸೋದರಮಾಮ ಆಡ್ಬೇಕವ್ವ."

"ನಮ್ಮ ಮಾಮಾನ ಪಾಳಿ ಮುಗೀತಲ್ರಿ. ಇನ್ನೊಬ್ಬ ಮಾಮಾ ನನಗ ಇಲ್ಲ. ಮಾಮ ಇಲ್ಲದಾಕಿ ಮಾತು ಯಾರು ಆಡ್ಬೇಕಂತ ಹಿರ್ಯಾರು ಹೇಳ್ಯಾರ?"

ಭೀಮಣ್ಣಜ್ಜ ಗಡ್ಡ ಕೆರೆದುಕೊಂಡರು. ಅತ್ತ ನೋಡಿದರು, ಇತ್ತ ನೋಡಿದರು. "ತಾನೇ ಆಡ್ಬೇಕು. ಹಂಗೇ ನಡಕೋತ ಬಂದದ. ಬಾ, ಕೂಡು."

ಬಂದು ಕೂತಳು. ದೊಡ್ಡ ಭಾಷಣವೇನೂ ಮಾಡಲಿಲ್ಲ.

"ಅಪ್ಪಾ, ನಾಯಿಮರಿ ತಂದ್ರ ನೀ ಮೊದಲ ಅದರ ಗುಣ ನೋಡ್ತಿ. ಬೊಗಳೋ ಮರಿ ಕುರಿ ಹಿಂಡಿಗಿ, ಸುಮ್ನ ಮಲಗೋ ಮರಿ ಮನಿಗಿ. ನಾ ಸಣ್ಣಾಕಿ ಇದ್ದಾಗಿಂದ ನನಗ ಬಾಯಿಬಡಕಿ ಅಂತ ಬೈಕೋತ ಬಂದೀದಿ. ನಾಯಿ ಗುಣ ನೋಡಿ ಕೆಲಸ ಕೊಡ್ತಿ, ಮಗಳ ಗುಣ ನೋಡಿ ಯಾಕ ಕೊಡಂಗಿಲ್ಲ?"

ಮೊದಲು ನಕ್ಕವರು ಯಾರು ಅಂದುಕೊಂಡಿರಿ? ಭಾವ! ರುಮಾಲಿನ ತುದಿ ಬಾಯಿಗಿಟ್ಟುಕೊಂಡು ನಕ್ಕರು. "ಬೊಗಳೋದನ್ನ ಮನ್ಯಾಗ ಕಟ್ಟಿ ಹಾಕಿದ್ರ ನಮ್ಮ ನಿದ್ದಿನೇ ಕೆಡ್ತದ. ವಕೀಲಿನೇ ಓದ್ಲಿ ಬಿಡ್ರಿ ಅಜ್ಜಾ" ಎಂದರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು. (ನನಗೆ ಕೊನೆಗೆ. ಅದೂ ತಣ್ಣಗಿನದು.)

ಅಪ್ಪನ ಎದುರು, ಹಿರಿಯರ ಎದುರು, ಅವರದೇ ಕಂಬಳಿಯ ಮೇಲೆ, ಅವರದೇ ಕಟ್ಟಳೆಯಿಂದ ಗೆದ್ದಳು! ರೋಮಿನ ಯಾವ ಮಾತುಗಾರ ಇದಕ್ಕಿಂತ ಚಂದ ಗೆದ್ದಾನು? ನನ್ನ ಎದೆ ಅವತ್ತು ಉಬ್ಬಿದ್ದು ಇನ್ನೂ ಇಳಿದಿಲ್ಲ.

ಕಳೆದ ವಾರ ಹಾರ ಹಾಕಿದ ಮೇಲೆ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಅಲ್ಲವ್ವ, ಅವತ್ತು ನಾ ಅರ್ಧಕ್ಕೇ ಸಿಕ್ಕೊಂಡು ಬೀಳ್ತೀನಂತ ನಿನಗ ಮೊದಲೇ ಗೊತ್ತಿತ್ತೇನು?"

ಸುಶೀಲಾ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಊದಿದಳು. "ಮಾಮಾ, ಅವತ್ತು ನೀವು ಗೆದ್ದಿದ್ರ ವಕೀಲರು ನೀವಾಗ್ತಿದ್ರಿ. ನಾ ಅಲ್ಲ."

ನಿಮ್ಮ ಮನೆಯಲ್ಲೂ ಒಬ್ಬಳು ಬಾಯಿಬಡಕಿ ಇದ್ದಾಳೆಯೇ? ಬೈಯಬೇಡಿ, ಕಂಬಳಿ ಹಾಸಿ!