ತೊಗರಿ ಹೊಲಕ್ಕೆ ಬಿದ್ದ ವಿಮಾನ

ಆಳಂದದ ನಮ್ಮ ಓಣಿಯ ದರ್ಜಿ ಚಾಚಾ ಥರ್ಮಾಕೋಲ್ ಕತ್ತರಿಸಿ ರಿಮೋಟ್ ವಿಮಾನ ಮಾಡುತ್ತಿದ್ದರು. ಏನೇ ಮುರಿದರೂ, “ಫಿಕರ್ ಮಾಡಬ್ಯಾಡ್ರಿ, ಆಲ್ಟರ್ ಮಾಡೋಣ್ರಿ” ಎನ್ನುವರು.

ನಿಂಬರ್ಗಾದ ಬಯಲಲ್ಲಿ ಮೊದಲ ಸಲ ರಿಮೋಟನ್ನು ನನ್ನ ಕೈಗೆ ಕೊಟ್ಟರು. ಅವರು ಎರಡು ತಿಂಗಳು ಕೂತು ಮಾಡಿದ ವಿಮಾನವನ್ನು ನಾನು ಎರಡೇ ನಿಮಿಷದಲ್ಲಿ ತೊಗರಿ ಹೊಲಕ್ಕೆ ಕೆಡವಿದೆ. ಓಡಿಹೋಗಿ ನೋಡಿದರೆ, ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬಳು ಅದರ ಸುತ್ತಲಿನ ಗಿಡ ಸರಿಸಿ ಹುಡುಕುತ್ತಿದ್ದಳು.

“ಇದ್ರಾಗ ಕುಂತ ಮಂದಿ ಎಲ್ಲಿ ಬಿದ್ರೋ ಯಪ್ಪಾ?”

“ಎಲ್ಲಾರೂ ಕಡಗಂಚಿ ಸ್ಟಾಪಿನ್ಯಾಗೇ ಇಳದಾರ ಯವ್ವಾ,” ಎಂದರು ಚಾಚಾ ಗಂಭೀರವಾಗಿ.

“ಡ್ರೈವರ್?”

ಚಾಚಾ ನನ್ನತ್ತ ಬೆರಳು ತೋರಿಸಿದರು. ಅಜ್ಜಿ ಹತ್ತಿರ ಬಂದು ನನ್ನ ಬಾಯಿ ಮೂಸಿ, “ಹಗಲಾಗೇ ಕುಡದು ಹೊಡದಿಯೇನಲೇ?” ಎಂದಳು.

ಚಾಚಾ ಮುರಿದ ರೆಕ್ಕೆಯಿಂದ ಮುಖ ಮುಚ್ಚಿಕೊಂಡು ಬದುವಿನ ಮೇಲೆ ಕುಸಿದರು. ನಗು ತಡೆಯಲಾರದೆ ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ತಿಳಿದು ಅಜ್ಜಿ ನನಗೆ ಇನ್ನಷ್ಟು ಬೈದಳು.