ಸಿದ್ದಲಿಂಗವ್ವನ ಒಲೆ ಪ್ರಯೋಗ

ಸೋನ್ಯಾಳದ ಸಿದ್ದಲಿಂಗವ್ವ ಯಾವ ಮಾತಿಗೂ ಮೊದಲು ಹೂಂ ಅನ್ನುತ್ತಾಳೆ, ಆಮೇಲೆ ತನಗೆ ತಿಳಿದಂತೆಯೇ ಮಾಡುತ್ತಾಳೆ. ಅವಳು ನಡೆಸುವ ಮಹಿಳಾ ಸಂಸ್ಥೆಗೆ ಟ್ರಸ್ಟೊಂದು ಹೊಗೆಯಿಲ್ಲದ ಒಲೆಗಳಿಗೆಂದು ಅನುದಾನ ಕೊಟ್ಟಿತು. ಇದು ಪ್ರಯೋಗ, ಅರ್ಧ ಮನೆಗಳಿಗೆ ಮಾತ್ರ ಹೊಸ ಒಲೆ, ಉಳಿದವರು ಹಳೆಯದರಲ್ಲೇ ಬೇಯಿಸಬೇಕು, ಕೊನೆಗೆ ಎರಡೂ ಕಡೆಯ ಹೊಗೆಯನ್ನು ಹೋಲಿಸುವುದು ಎಂಬುದು ಶರತ್ತು. ಸಿದ್ದಲಿಂಗವ್ವ ಹೂಂ ಅಂದಳು, ತನ್ನ ಓಣಿಯ ಅರ್ಧ ಮನೆಗಳಿಗೆ ಒಲೆ ಹಂಚಿದಳು.

ಆದರೆ ಪಕ್ಕದ ಮನೆಯ ರೊಟ್ಟಿ ಹಂಚು ಕಾದಿರುವಾಗ ತಾನು ಬೇರೆ ಒಲೆ ಹೊತ್ತಿಸುವುದು ಆ ಓಣಿಯ ಪದ್ಧತಿಯಲ್ಲ. ಒಲೆ ಸಿಗದವರೆಲ್ಲ ಹಿಟ್ಟಿನ ಬುಟ್ಟಿ ಹಿಡಿದು ಸಿಕ್ಕವರ ಮನೆಗೇ ಹೋಗಿ ರೊಟ್ಟಿ ಬಡಿದರು; ಸಿದ್ದಲಿಂಗವ್ವ ಬೇಡ ಅನ್ನಲಿಲ್ಲ.

ನೋಡಲು ಬಂದ ಟ್ರಸ್ಟಿನ ಸಾಹೇಬರು ತಲೆ ಕೆರೆದುಕೊಂಡರು. “ಎರಡೂ ಕಡಿ ಫರಕ ಏನೂ ಕಾಣವಲ್ದಲ್ರಿ ಅಕ್ಕಾರ.”

“ನಿಮ್ಮ ಒಲಿ ಭಾಳ ಚಲೋ ಅದಾವ್ರಿ ಸಾಹೇಬ್ರ,” ಎಂದಳು ಸಿದ್ದಲಿಂಗವ್ವ. “ನೀವು ಕೊಡದಿದ್ದ ಮನ್ಯಾಗಿನ ಹೊಗಿನೂ ಹೋಗ್ಯದ.”